ಅರ್ಧ ಅಂಗಡಿಯ ಸಾಹುಕಾರ

ನಮ್ಮ ಬಳಗದ ಪತ್ರಿಕೆಯಲ್ಲಿ ಕವಿಗಳ ಜೀವನಚರಿತ್ರೆ ಬರುತ್ತದೆ, ನಾಟಕಕಾರರದು ಬರುತ್ತದೆ, ಕಳೆದ ಸಲ ಒಬ್ಬ ವಿಜ್ಞಾನಿಯದೂ ಬಂತು. ಅಂಗಡಿಕಾರನದು ಮಾತ್ರ ಬಂದದ್ದನ್ನು ನಾನು ನೋಡಿಲ್ಲ. ನಾನು ಕಾಮರ್ಸ್ ಓದುವವನು. ಏಳನೇ ಇಯತ್ತೆವರೆಗೆ ಮುಂಬಯಿಯ ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ ಕಲಿತು, ಈಗ ಡೆಬಿಟ್ಟು ಕ್ರೆಡಿಟ್ಟುಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿರುವವನು. ನನಗೆ ಗೊತ್ತಿರುವ ದಾರಿಯಲ್ಲೇ ಹೋಗ್ತೇನೆ, ಮಿತ್ರರು ಬೇಸರಿಸಬಾರದು. ನನ್ನ ಕಥಾನಾಯಕ ಲಂಡನ್ನಿನ ಒಬ್ಬ ಅಂಗಡಿಕಾರ. ಹೆಸರು ಆರ್ಥರ್ ಲೇಸನ್‌ಬಿ ಲಿಬರ್ಟಿ.

ಇವನೇ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಬೆಳಿಗ್ಗೆ ಕಾಲೇಜು ಮುಗಿಸಿ ಮಧ್ಯಾಹ್ನ ನಾನು ಮಸ್ಜಿದ್ ಬಂದರದ ಕಡೆ ಒಂದು ಪೇಢಿಯಲ್ಲಿ ಕೆಲಸ ಮಾಡುತ್ತೇನೆ. ಪರದೇಶದಿಂದ ಮನೆ ಮತ್ತು ತೋಟದ ಸಾಮಾನು ತರಿಸಿ ಅಂಗಡಿಗಳಿಗೆ ಮಾರುವ ಪೇಢಿ ಅದು. ಪಿಂಗಾಣಿ ಬಟ್ಟಲು, ಬಿದಿರಿನ ಬುಟ್ಟಿ, ಕಾಲೊರಸು, ಗಿಡದ ಕುಂಡ. ಪೆಟ್ಟಿಗೆ ಬಿಚ್ಚುವುದು, ಎಣಿಸುವುದು, ಒಡೆದದ್ದನ್ನು ಬರೆದಿಡುವುದು, ಉಳಿದದ್ದಕ್ಕೆ ನಮ್ಮ ಪೇಢಿಯ ಚೀಟಿ ಅಂಟಿಸುವುದು ನನ್ನ ಕೆಲಸ. ಹೋದ ಮಳೆಗಾಲದಲ್ಲಿ ವಿಯೆಟ್ನಾಂನಿಂದ ಬಂದ ಒಂದು ಮಣ್ಣಿನ ಕುಂಡವನ್ನು ಬೋರಲು ಹಾಕಿದೆ. ತಳದಲ್ಲಿ ಒಂದು ಹೆಬ್ಬೆರಳ ಗುರುತು, ಪಕ್ಕದಲ್ಲಿ ಕಡ್ಡಿಯಿಂದ ಗೀಚಿದ ಮೂರು ಗೆರೆ. ಮಾಡಿದವರು ಹಾಕಿದ ಸಹಿಯೋ ಏನೋ. ಚೀಟಿ ಅಂಟಿಸಲು ಸಮತಟ್ಟಾದ ಜಾಗ ಅದೊಂದೇ ಇತ್ತು. ಅದರ ಮೇಲೇ ಅಂಟಿಸಿದೆ. ಅಂಟಿಸಿದ ಮೇಲೆ ಮನಸ್ಸಿಗೆ ಏನೋ ಕಸಿವಿಸಿ. ಅದೇ ವಾರ ಪರದೇಶ ವ್ಯಾಪಾರದ ಪ್ರಾಜೆಕ್ಟಿಗಾಗಿ ಲೈಬ್ರರಿಯಲ್ಲಿ ಹುಡುಕುವಾಗ ಈ ಲಿಬರ್ಟಿ ಸಿಕ್ಕಿದ.

ಲಿಬರ್ಟಿ ಹುಟ್ಟಿದ್ದು 1843ರ ಆಗಸ್ಟ್ 13ರಂದು, ಇಂಗ್ಲೆಂಡಿನ ಬಕಿಂಗ್‌ಹ್ಯಾಂಷೈರಿನ ಚೆಷಮ್ ಎಂಬ ಊರಿನಲ್ಲಿ. ತಂದೆ ಜವಳಿ ವ್ಯಾಪಾರಿ. ಮನೆ ತುಂಬ ಮಕ್ಕಳು, ಇವನೇ ಹಿರಿಯ. ಕಾಲೇಜಿನ ಯೋಗ ಇರಲಿಲ್ಲ. ಹದಿಹರೆಯದಲ್ಲೇ ಸಂಬಂಧಿಕರ ವ್ಯಾಪಾರದಲ್ಲಿ ಕೈಯಾಡಿಸಿ, ಲಂಡನ್ನಿನ ಒಂದು ಜವಳಿ ಅಂಗಡಿಯಲ್ಲಿ ಉಮೇದುವಾರಿ ಮಾಡಿದ. 1862ರಲ್ಲಿ ರೀಜೆಂಟ್ ಸ್ಟ್ರೀಟಿನ ಫಾರ್ಮರ್ ಅಂಡ್ ರೋಜರ್ಸ್ ಎಂಬ ದೊಡ್ಡ ಶಾಲು ಅಂಗಡಿಗೆ ನೌಕರಿಗೆ ಸೇರಿದ. ಆಗ ಅವನಿಗೆ ವಯಸ್ಸು ಹತ್ತೊಂಬತ್ತು, ಈಗ ನನಗಿರುವುದಕ್ಕಿಂತ ಒಂದು ವರ್ಷ ಕಮ್ಮಿ.

ಅದೇ ವರ್ಷ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಜಪಾನು ಶತಮಾನಗಳ ಕಾಲ ಬಾಗಿಲು ಮುಚ್ಚಿಕೊಂಡಿದ್ದು, 1850ರ ದಶಕದಲ್ಲಷ್ಟೇ ಪಶ್ಚಿಮದ ಹಡಗುಗಳಿಗೆ ಬಂದರು ತೆರೆದಿತ್ತು. ಆ ನಾಡಿನ ಅರಗಿನ ಪೆಟ್ಟಿಗೆ, ಬೀಸಣಿಗೆ, ಕಂಚಿನ ಪಾತ್ರೆ, ರೇಷ್ಮೆ, ಚಿತ್ರಗಳನ್ನು ಅಲ್ಲಿದ್ದ ಬ್ರಿಟಿಷ್ ರಾಯಭಾರಿ ರದರ್‌ಫರ್ಡ್ ಆಲ್‌ಕಾಕ್ ಕೂಡಿಹಾಕಿ ಪ್ರದರ್ಶನಕ್ಕೆ ಕಳಿಸಿದ್ದ. ಲಂಡನ್ನಿನ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಪ್ರದರ್ಶನ ಮುಗಿದ ಮೇಲೆ ಫಾರ್ಮರ್ ಅಂಡ್ ರೋಜರ್ಸ್‌ನವರು ಅದರಲ್ಲಿ ಒಂದಷ್ಟು ಸಾಮಾನು ಕೊಂಡು, ಪಕ್ಕದಲ್ಲೇ ಪೂರ್ವದೇಶಗಳ ಸರಕಿನ ಮಳಿಗೆ ತೆರೆದರು. ಸ್ವಲ್ಪ ಕಾಲದಲ್ಲೇ ಅದರ ಮೇಲ್ವಿಚಾರಣೆ ಲಿಬರ್ಟಿಯ ಕೈಗೆ ಬಂತು. ಚಿತ್ರಕಾರರಾದ ವಿಸ್ಲರ್, ರೊಸೆಟ್ಟಿಯಂಥವರು ಅಲ್ಲಿ ಗಿರಾಕಿಗಳಾದರು. ಯಾವ ಬಟ್ಟೆಯ ಮಡಿಕೆ ಹೇಗೆ ಬೀಳುತ್ತದೆ, ಯಾವ ಬಣ್ಣ ಕಣ್ಣಿಗೆ ತಂಪು ಅಂತ ಅವನು ಕಲಿತದ್ದು ಇಂಥ ಗಿರಾಕಿಗಳ ಸಹವಾಸದಲ್ಲೇ.

ಹತ್ತು ವರ್ಷ ಆ ಮಳಿಗೆಯನ್ನು ನಡೆಸಿ ಲಾಭ ತೋರಿಸಿದ ಮೇಲೆ ಪಾಲುದಾರಿಕೆ ಕೇಳಿದ. ಯಜಮಾನರು ಕೊಡಲಿಲ್ಲ. ಸಂಬಳದವನು ಸಂಬಳದವನಾಗಿಯೇ ಇರಲಿ ಅನ್ನುವುದು ಎಲ್ಲ ಕಾಲದ ಯಜಮಾನರ ಮತ. ಲಿಬರ್ಟಿ ರಾಜೀನಾಮೆ ಕೊಟ್ಟ. ಎಮ್ಮಾ ಎಂಬ ಹುಡುಗಿಯ ಜತೆ ಮದುವೆ ಗೊತ್ತಾಗಿತ್ತು. ಅವಳ ತಂದೆ ದರ್ಜಿ ಅಂಗಡಿಯ ಸಾಹುಕಾರ, ಅಳಿಯನಾಗುವವನಿಗೆ 2,000 ಪೌಂಡು ಸಾಲ ಕೊಟ್ಟ. ಆ ದುಡ್ಡಿನಲ್ಲಿ 1875ರಲ್ಲಿ ಅದೇ ರೀಜೆಂಟ್ ಸ್ಟ್ರೀಟಿನಲ್ಲಿ, ಹಳೇ ಯಜಮಾನರಿದ್ದ ಬೀದಿಯಲ್ಲೇ, 218ಎ ನಂಬರಿನ ಅರ್ಧ ಅಂಗಡಿ ಹಿಡಿದ. ಹೌದು, ಅರ್ಧ ಅಂಗಡಿ! ಕೆಲಸಕ್ಕೆ ಮೂರೇ ಜನ. ಮೊದಲಿಗೆ ಪೂರ್ವದೇಶಗಳ ಬಣ್ಣದ ರೇಷ್ಮೆಯೇ ಮುಖ್ಯ ಮಾಲು. ಒಂದೂವರೆ ವರ್ಷದೊಳಗೆ ಮಾವನ ಸಾಲ ಚುಕ್ತಾ, ಉಳಿದರ್ಧ ಅಂಗಡಿಯೂ ಇವನದೇ. ಮುಂದೆ ಜಪಾನಿನ ಬೀಸಣಿಗೆ, ಚೀನಾದ ಪಿಂಗಾಣಿ, ಪರ್ಷಿಯಾದ ಕಂಬಳಿ, ಭಾರತದ ಹಿತ್ತಾಳೆ ಸಾಮಾನು ಎಲ್ಲ ಬಂದವು. ಸುಯೆಜ್ ಕಾಲುವೆ 1869ರಲ್ಲಿ ತೆರೆದು ಪೂರ್ವದ ಹಾದಿ ಮೊಟಕಾಗಿದ್ದು ಇಂಥ ವ್ಯಾಪಾರಕ್ಕೆಲ್ಲ ಅನುಕೂಲವಾಯಿತು.

ಈಗ ಕಾಮರ್ಸಿನವರು ಗಮನಿಸಬೇಕಾದ ವಿಷಯಕ್ಕೆ ಬರುತ್ತೇನೆ. ಬೇಡಿಕೆ ಏರಿದಂತೆ ಮಾಲು ಕೆಟ್ಟಿತು. ಯೂರೋಪಿನವರಿಗೆ ಇದೇ ಬೇಕಂತೆ ಅಂದುಕೊಂಡು ಪೂರ್ವದ ಸರಬರಾಜುದಾರರು ಕಣ್ಣು ಕುಕ್ಕುವ ಬಣ್ಣ ಹಾಕಿ, ಅವಸರದ ಮಾಲು ಕಳಿಸತೊಡಗಿದರು. ಯಾವ ಮೆದು ಬಣ್ಣಗಳಿಗೆ ಜನ ಮನಸೋತಿದ್ದರೋ ಅವೇ ಮಾಯ. ಲಿಬರ್ಟಿ ಕೈಕಟ್ಟಿ ಕೂರಲಿಲ್ಲ. ಬಣ್ಣ ಹಾಕದ ಬಟ್ಟೆಯನ್ನು ತರಿಸಿ, ಇಂಗ್ಲೆಂಡಿನ ಲೀಕ್ ಎಂಬ ಊರಿನ ಥಾಮಸ್ ವಾರ್ಡಲ್‌ನ ಬಣ್ಣದ ಕಾರ್ಖಾನೆಯಲ್ಲಿ ಬಣ್ಣ ಹಾಕಿಸಿದ. ವಾರ್ಡಲ್ ನಮ್ಮ ದೇಶದ ಟಸರ್ ರೇಷ್ಮೆಯನ್ನೂ ಬಣ್ಣಗಳನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದವನು. ಈ ಮೆದು ಬಣ್ಣಗಳಿಗೆ ಲಿಬರ್ಟಿ ಬಣ್ಣಗಳೆಂದೇ ಹೆಸರು ಬಿತ್ತು! ಮೈಸೂರು ಸಿಲ್ಕ್ ಅನ್ನುವ ಹೆಸರಿನಲ್ಲಿ ಒಂದು ಬಗೆಯ ರೇಷ್ಮೆಯೂ ಅವನ ಅಂಗಡಿಯಲ್ಲಿ ಮಾರಾಟಕ್ಕಿತ್ತು. ಅದನ್ನು ಓದಿದಾಗ ನನಗೆ ಹೆಮ್ಮೆಯಾಯಿತು. ಆದರೆ ಹಿಂದೆಯೇ ಒಂದು ಯೋಚನೆ ಬಂತು: ಊರಿನ ಹೆಸರೇನೋ ಲಂಡನ್ನಿಗೆ ಹೋಯಿತು, ಮಗ್ಗದ ಮುಂದೆ ಕೂತವನ ಹೆಸರು ಹೋಯಿತೇ?

ಮಾಡುವ ಕೈಗಳನ್ನೇ ಲಂಡನ್ನಿಗೆ ತೋರಿಸುವ ಪ್ರಯತ್ನವನ್ನೂ ಲಿಬರ್ಟಿ ಮಾಡಿದ. 1885ರಲ್ಲಿ ಭಾರತದಿಂದ ನಲವತ್ತಕ್ಕೂ ಹೆಚ್ಚು ಜನರನ್ನು ಕರೆಸಿ, ಬ್ಯಾಟರ್ಸಿಯಲ್ಲಿ ಒಂದು ಭಾರತೀಯ ಹಳ್ಳಿಯನ್ನೇ ನಿಲ್ಲಿಸಿದ. ರೇಷ್ಮೆ ನೂಲುವವರು, ಕಂಬಳಿ ನೇಯುವವರು, ಹಾವಾಡಿಗರು ಎಲ್ಲ ಅದರಲ್ಲಿದ್ದರು. ಅವರು ಕೆಲಸ ಮಾಡುವುದನ್ನು ಜನ ನೋಡಲಿ, ನೋಡಿ ಮಾಲು ಕೊಳ್ಳಲಿ ಎಂಬುದು ಲೆಕ್ಕಾಚಾರ. ಆದರೆ ಅದು ಲಂಡನ್ನಿನ ಚಳಿಗಾಲ. ನಮ್ಮವರು ಚಳಿಗೆ ನಡುಗಿದರು. ಕೂಲಿಯ ವಿಷಯದಲ್ಲಿ, ಇಟ್ಟುಕೊಂಡ ರೀತಿಯಲ್ಲಿ ದೂರುಗಳೆದ್ದವು. ಪ್ರದರ್ಶನ ನಷ್ಟದಲ್ಲಿ ಮುಗಿಯಿತು. ಇಷ್ಟು ರಸಿಕನಾದವನು, ರೇಷ್ಮೆಯ ಒಂದೊಂದು ಎಳೆಯನ್ನೂ ಬಲ್ಲವನು, ಅದನ್ನು ನೂತವರಿಗೆ ಚಳಿಯಾಗುತ್ತದೆ ಎಂಬುದನ್ನು ಮೊದಲೇ ಯೋಚಿಸಲಿಲ್ಲವೇ? ಅವನ ಜೀವನದಲ್ಲಿ ನನಗೆ ಹಿಡಿಸದ ಪುಟ ಇದು. ಬಿಟ್ಟು ಮುಂದೆ ಹೋದರೆ ಮೋಸವಾಗುತ್ತದೆ ಅಂತ ಬರೆದಿದ್ದೇನೆ.

1889ರಲ್ಲಿ ಅವನು ಹೆಂಡತಿ ಎಮ್ಮಾಳೊಡನೆ ತಾನೇ ಜಪಾನಿಗೆ ಹೋದ. ಜತೆಗೆ ಚಿತ್ರಕಾರ ಆಲ್‌ಫ್ರೆಡ್ ಈಸ್ಟ್ ಇದ್ದ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಯಾರ ಸಾಮಾನು ಮಾರಿ ಬದುಕಿದ್ದನೋ ಆ ನಾಡನ್ನು ಕೊನೆಗೂ ಕಣ್ಣಾರೆ ಕಂಡ. ಕೆಲಸಗಾರರು ದುಡಿಯುವುದನ್ನು ನೋಡಿದ, ತಿರುಗಿ ಬಂದು ಲಂಡನ್ನಿನಲ್ಲಿ ಜಪಾನಿನ ಕೈಗಾರಿಕೆಗಳ ಬಗ್ಗೆ ಉಪನ್ಯಾಸ ಕೊಟ್ಟ. ಎಮ್ಮಾ ಅಲ್ಲಿ ತೆಗೆದ ಫೋಟೋಗಳು ಆಮೇಲೆ ಪುಸ್ತಕವಾದವು.

ಕಂಪನಿ 1894ರಲ್ಲಿ ಪಬ್ಲಿಕ್ ಲಿಮಿಟೆಡ್ ಆಯಿತು. ಆ ಹೊತ್ತಿಗೆ ಪರದೇಶದ ಮಾಲಷ್ಟೇ ಅಲ್ಲ, ಇಂಗ್ಲೆಂಡಿನಲ್ಲೇ ಹೊಸ ವಿನ್ಯಾಸ ಮಾಡಿಸಿ ಮಾರುವುದೂ ನಡೆದಿತ್ತು. 1899ರಲ್ಲಿ ಬೆಳ್ಳಿ ಸಾಮಾನಿನ ಹೊಸ ಸಾಲು ಬಂತು, ಹಿಂದೆಯೇ ಪ್ಯೂಟರ್ ಎಂಬ ತವರದ ಮಿಶ್ರಲೋಹದ್ದು. ಐಲ್ ಆಫ್ ಮ್ಯಾನ್ ದ್ವೀಪದ ಆರ್ಚಿಬಾಲ್ಡ್ ನಾಕ್ಸ್ ಎಂಬಾತ ಅವುಗಳ ಮುಖ್ಯ ವಿನ್ಯಾಸಗಾರ. ಬಳ್ಳಿ ಬಳ್ಳಿ ಹೆಣೆದುಕೊಂಡಂಥ ಹಳೆಯ ಕೆಲ್ಟಿಕ್ ಗಂಟುಗಳನ್ನು ಹೂಜಿ, ಗಡಿಯಾರಗಳ ಮೇಲೆ ಹೊಸದಾಗಿ ಬಿಡಿಸಿದ. ತೋಟದಲ್ಲಿಡುವ ಮಣ್ಣಿನ ಕುಂಡಗಳಿಗೂ ವಿನ್ಯಾಸ ಮಾಡಿಕೊಟ್ಟ. ಆದರೆ ಸಾಮಾನಿನ ಮೇಲೆ ನಾಕ್ಸನ ಹೆಸರು ಇಲ್ಲ. ಯಾವ ವಿನ್ಯಾಸಗಾರನ ಹೆಸರನ್ನೂ ಹಾಕದಿರುವುದು ಅಂಗಡಿಯ ಪದ್ಧತಿ. ಮಾಲು ಯಾರೇ ಮಾಡಲಿ, ಹೆಸರು ಲಿಬರ್ಟಿಯದು. ಇಟಲಿಯಲ್ಲಂತೂ ಆ ಕಾಲದ ಹೊಸ ಕಲಾಶೈಲಿಗೇ ಲಿಬರ್ಟಿ ಶೈಲಿ ಅನ್ನುತ್ತಾರೆ. ಒಂದು ರೇಖೆ ಬರೆಯದ, ಒಂದು ಎಳೆ ನೇಯದ ಅಂಗಡಿಕಾರನ ಹೆಸರು ಒಂದು ಕಲೆಗೆ ಅಂಟಿಕೊಂಡಿತು.

ಹಾಗಂತ ಅವನದು ಏನೂ ಇಲ್ಲ ಎನ್ನಲಾಗದು. ಸಾವಿರ ಮಾಲಿನಲ್ಲಿ ಒಳ್ಳೆಯದನ್ನು ಆರಿಸುವ ಕಣ್ಣು ಅವನದು. ದುಡ್ಡು ಹೂಡಿ ಅಪಾಯ ಹೊತ್ತವನು ಅವನು. ಪುಟ್ಟ ಸಂಬಳದ ಮನೆಯಲ್ಲೂ ಒಂದು ಚೆಂದದ ಬೀಸಣಿಗೆ, ಒಂದು ಬಟ್ಟಲು ಇರಬಹುದು ಅಂತ ತೋರಿಸಿಕೊಟ್ಟವನು. ಅವನಿಲ್ಲದಿದ್ದರೆ ಎಷ್ಟೋ ಕೈಗಳ ಕೆಲಸ ಸಮುದ್ರ ದಾಟುತ್ತಲೇ ಇರಲಿಲ್ಲ. ಇದನ್ನು ಜಮೆಗೆ ಬರೆಯಬೇಕು. ಖರ್ಚಿನ ಕಡೆ ಬರೆಯಬೇಕಾದ್ದನ್ನು ಮೇಲೆ ಬರೆದಾಗಿದೆ. ಬ್ಯಾಲೆನ್ಸ್ ಶೀಟಿನಂತೆ ಎರಡು ಬದಿಯೂ ತಾಳೆಯಾಗಬೇಕೆಂದು ಎಷ್ಟೋ ಸಲ ಕೂತು ನೋಡಿದೆ. ಆಗಲಿಲ್ಲ.

1913ರಲ್ಲಿ ಅವನಿಗೆ ಸರ್ ಪದವಿ ಬಂತು. ಹುಟ್ಟಿದ ಊರಿನ ಹತ್ತಿರದ ದ ಲೀ ಎಂಬ ಹಳ್ಳಿಯಲ್ಲಿ ಜಮೀನ್ದಾರನಂತೆ ಬಾಳಿ, 1917ರ ಮೇ 11ರಂದು ಅಲ್ಲೇ ತೀರಿಕೊಂಡ. 1924ರಲ್ಲಿ ಅವನ ಕಂಪನಿ ಲಂಡನ್ನಿನಲ್ಲಿ ಮರದ ಹೊಸ ಕಟ್ಟಡ ಕಟ್ಟಿಸಿತು. ಕಳಚಿಹಾಕಿದ ಎರಡು ಯುದ್ಧನೌಕೆಗಳ ಮರ ಅದಕ್ಕೆ ಬಳಕೆಯಾಯಿತು. ಅದರಲ್ಲಿ ಒಂದು ಹಡಗಿನ ಹೆಸರು ಹಿಂದೂಸ್ತಾನ್. ಹಡಗಿನಲ್ಲಿ ಬಂದ ಮಾಲಿನಿಂದ ಬೆಳೆದ ಅಂಗಡಿ ಕೊನೆಗೆ ಹಡಗಿನ ಮರದಲ್ಲೇ ನಿಂತಿತು!

ಇನ್ನೊಂದು ಸಂಗತಿ ಬಾಕಿಯಿದೆ. ಲಿಬರ್ಟಿಯ ಸಮಾಧಿಯ ಕಲ್ಲಿಗೆ ವಿನ್ಯಾಸ ಮಾಡಿದವನು ಅದೇ ಆರ್ಚಿಬಾಲ್ಡ್ ನಾಕ್ಸ್. ಬದುಕಿರುವಷ್ಟು ಕಾಲ ತನ್ನ ಕೆಲಸದ ಮೇಲೆ ಯಾರ ಹೆಸರನ್ನು ಕಂಡನೋ, ಅದೇ ಹೆಸರಿನ ಸುತ್ತ ಕೊನೆಯ ಸಲವೂ ಗೆರೆ ಎಳೆದ. ಸಿಟ್ಟಿನಿಂದ ಎಳೆದನೋ ಪ್ರೀತಿಯಿಂದಲೋ? ಆ ಕಲ್ಲಿನ ಫೋಟೋ ನೋಡಿದ್ದೇನೆ. ಸಿಟ್ಟಿನವನ ಕೈ ಅಷ್ಟು ಚೆನ್ನಾಗಿ ಓಡಲಾರದು ಅಂತ ನನಗನಿಸಿತು.

ಇದನ್ನೆಲ್ಲ ಓದಿದ ಮೇಲೆ ನಾನು ಚೀಟಿಯನ್ನು ಕುಂಡದ ತಳ ಬಿಟ್ಟು ಬದಿಗೆ ಅಂಟಿಸಲು ಶುರುಮಾಡಿದೆ. ಎರಡು ದಿನ ನಡೆಯಿತು. ಮೂರನೇ ದಿನ ಸೇಠರು ನೋಡಿ, ಮುಂದೆ ಚೀಟಿ ಕಂಡರೆ ಕುಂಡದ ಅಂದ ಕೆಡುತ್ತೆ, ಗಿರಾಕಿ ಮುಟ್ಟೋದಿಲ್ಲ ಅಂತ ಗದರಿದರು. ಅವರ ಮಾತೂ ಸುಳ್ಳಲ್ಲ. ಈಗ ಮೊದಲಿನಂತೆ ತಳಕ್ಕೇ ಅಂಟಿಸುತ್ತೇನೆ. ಆದರೆ ಅಂಟಿಸುವ ಮೊದಲು, ಮಾಲಿನ ರಿಜಿಸ್ಟರಿನ ಷರಾ ಕಾಲಮಿನಲ್ಲಿ ತಳದಲ್ಲಿ ಕಂಡ ಗುರುತನ್ನು ಪೆನ್ನಿನಿಂದ ಬರೆದಿಡುತ್ತೇನೆ. ಮೊನ್ನೆ ಅದೇ ಕಡೆಯಿಂದ ಹೊಸ ಪೆಟ್ಟಿಗೆಗಳು ಬಂದವು. ಐವತ್ತು ಕುಂಡಗಳಲ್ಲಿ ನಾಲ್ಕು ಒಡೆದಿದ್ದವು. ಉಳಿದವುಗಳಲ್ಲಿ ಹನ್ನೊಂದಕ್ಕೆ ಆ ಮೂರು ಗೆರೆ ಇತ್ತು.