ಟೈ ಕಾಬ್: ಎರಡು ಹಿಟ್ ಹೆಚ್ಚಾದ ದಾಖಲೆ

1985ರ ಸೆಪ್ಟೆಂಬರ್ 11ರಂದು ಸಿನ್ಸಿನಾಟಿಯಲ್ಲಿ ಪೀಟ್ ರೋಸ್ ತನ್ನ 4,192ನೇ ಹಿಟ್ ಬಾರಿಸಿದಾಗ ಅಮೆರಿಕದ ಬೇಸ್‌ಬಾಲ್ ಲೋಕ ಸಂಭ್ರಮಿಸಿತು. 1928ರಲ್ಲಿ ನಿವೃತ್ತನಾದ ಟೈ ಕಾಬ್‌ನ ದಾಖಲೆ ಕೊನೆಗೂ ಮುರಿದಿತ್ತು. ಆದರೆ ಅದು ಮುರಿದದ್ದು ಅಂದಲ್ಲ, ಮೂರು ದಿನ ಮೊದಲೇ, ಷಿಕಾಗೊದಲ್ಲಿ. ಕಾಬ್‌ನ ಹೆಸರಿನಲ್ಲಿದ್ದ 4,191 ಹಿಟ್‌ಗಳಲ್ಲಿ ಎರಡು ಆತನ ಬ್ಯಾಟಿನಿಂದ ಬಂದವಲ್ಲ, ಲೆಕ್ಕ ಬರೆದವರ ಲೇಖನಿಯಿಂದ ಬಂದವು.

ಟೈರಸ್ ರೇಮಂಡ್ ಕಾಬ್ ಹುಟ್ಟಿದ್ದು 1886ರ ಡಿಸೆಂಬರ್ 18ರಂದು, ಜಾರ್ಜಿಯಾ ರಾಜ್ಯದ ಹಳ್ಳಿಗಾಡಿನಲ್ಲಿ. ಬೆಳೆದದ್ದು ರಾಯ್ಸ್ಟನ್ ಎಂಬ ಸಣ್ಣ ಊರಿನಲ್ಲಿ. ತಂದೆ ಶಾಲಾ ಶಿಕ್ಷಕರು, ಪತ್ರಿಕೆ ನಡೆಸಿದವರು, ರಾಜ್ಯದ ಸೆನೆಟ್ ಸದಸ್ಯರೂ ಆಗಿದ್ದವರು. ಮಗ ವಕೀಲನೋ ವೈದ್ಯನೋ ಆಗಲೆಂಬುದು ಅವರ ಬಯಕೆ. 1905ರ ಆಗಸ್ಟ್‌ನಲ್ಲಿ ಒಂದು ರಾತ್ರಿ, ಮಲಗುವ ಕೋಣೆಯ ಕಿಟಕಿಯ ಬಳಿ ಕಂಡ ಆಕೃತಿಯನ್ನು ಕಳ್ಳನೆಂದು ಭಾವಿಸಿ ತಾಯಿ ಗುಂಡು ಹಾರಿಸಿದರು. ಸತ್ತದ್ದು ತಂದೆ. ಮರುವರ್ಷ ನ್ಯಾಯಾಲಯ ಆಕೆಯನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಆ ಸಾವಿನ ಮೂರೇ ವಾರಗಳ ನಂತರ, ಆಗಸ್ಟ್ 30ರಂದು, ಹದಿನೆಂಟರ ಕಾಬ್ ಡೆಟ್ರಾಯಿಟ್ ಟೈಗರ್ಸ್ ಪರ ಮೈದಾನಕ್ಕಿಳಿದ. ಹಿರಿಯ ಆಟಗಾರರು ಹೊಸಬನನ್ನು ಗೋಳು ಹೊಯ್ದುಕೊಂಡರು; ಆತನ ಬ್ಯಾಟುಗಳನ್ನೂ ಮುರಿದರು. ತಂಡದವರೊಡನೆ ಆತನ ಸಂಬಂಧ ನೆಟ್ಟಗಾದದ್ದು ಅಪರೂಪ.

ಆಟದ ಮಾತೇ ಬೇರೆ. 1906ರಿಂದ ನಿವೃತ್ತಿಯವರೆಗಿನ 23 ಋತುಗಳಲ್ಲಿ ಆತನ ಬ್ಯಾಟಿಂಗ್ ಸರಾಸರಿ ಒಮ್ಮೆಯೂ .300ರ ಕೆಳಗಿಳಿಯಲಿಲ್ಲ. ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಒಂದು ಮಾತು: ಇಲ್ಲಿ ಸರಾಸರಿಯೆಂದರೆ ರನ್ನುಗಳ ಲೆಕ್ಕವಲ್ಲ. ಚೆಂಡನ್ನು ಹೊಡೆದು, ಔಟಾಗದೆ ಬೇಸ್ ತಲುಪುವುದು ಹಿಟ್. ಅಂಥ ಹಿಟ್‌ಗಳನ್ನು ಬ್ಯಾಟಿಂಗ್ ಸರದಿಗಳಿಂದ ಭಾಗಿಸಿದರೆ ಸರಾಸರಿ. ಹತ್ತು ಸರದಿಗಳಲ್ಲಿ ಮೂರು ಹಿಟ್ ಹೊಡೆದವನನ್ನೇ ಉತ್ತಮನೆನ್ನುವ ಆಟವದು.

ಗೊಂದಲ ಹುಟ್ಟಿದ್ದು 1910ರಲ್ಲಿ. ಆ ವರ್ಷದ ಅತ್ಯುತ್ತಮ ಸರಾಸರಿಯ ಆಟಗಾರನಿಗೆ ತನ್ನ ಕಾರೊಂದನ್ನು ಕೊಡುವುದಾಗಿ ಚಾಲ್ಮರ್ಸ್ ಕಂಪೆನಿ ಘೋಷಿಸಿತ್ತು. ಪೈಪೋಟಿ ಕಾಬ್ ಮತ್ತು ಕ್ಲೀವ್‌ಲ್ಯಾಂಡ್‌ನ ನೆಪೋಲಿಯನ್ ಲಾಜೊಯ್ ನಡುವೆ. ಲಾಜೊಯ್ ಎಲ್ಲರಿಗೂ ಬೇಕಾದವ, ಕಾಬ್ ಹಾಗಲ್ಲ. ಮುನ್ನಡೆ ತನ್ನದೆಂದು ನಂಬಿದ ಕಾಬ್ ಕೊನೆಯ ಎರಡು ಪಂದ್ಯಗಳಲ್ಲಿ ಆಡಲೇ ಇಲ್ಲ. ಅಕ್ಟೋಬರ್ 9ರಂದು ಸೇಂಟ್ ಲೂಯಿಸ್‌ನಲ್ಲಿ ಒಂದೇ ದಿನ ಎರಡು ಪಂದ್ಯ. ಎದುರಾಳಿ ತಂಡದ ಮ್ಯಾನೇಜರ್ ಜಾಕ್ ಓ'ಕಾನರ್, ಮೂರನೇ ಬೇಸ್ ಕಾಯುವ ಹೊಸ ಹುಡುಗನನ್ನು ಬಹಳ ಹಿಂದಕ್ಕೆ ನಿಲ್ಲಿಸಿದ. ಲಾಜೊಯ್ ಚೆಂಡನ್ನು ಮೆಲ್ಲಗೆ ತಟ್ಟಿ ಓಡುತ್ತ ಹೋದ. ಎಂಟು ಹಿಟ್, ಬಹುತೇಕ ಎಲ್ಲವೂ ಹೀಗೆಯೇ ದಕ್ಕಿದವು. ಇನ್ನೊಂದು ಹಿಟ್ ಬರೆದುಕೊಟ್ಟರೆ ಹೊಸ ಸೂಟು ಕೊಡಿಸುವುದಾಗಿ ಅಂಕ ಬರೆಯುವವರಿಗೆ ಆಮಿಷವೂ ಹೋಯಿತು.

ಲೀಗ್‌ನ ಅಧ್ಯಕ್ಷ ಬ್ಯಾನ್ ಜಾನ್ಸನ್ ವಿಚಾರಣೆ ನಡೆಸಿ, ಕೂದಲೆಳೆಯ ಅಂತರದಲ್ಲಿ ಕಾಬ್‌ನನ್ನೇ ವಿಜೇತನೆಂದ. ಚಾಲ್ಮರ್ಸ್ ಇಬ್ಬರಿಗೂ ಕಾರು ಕೊಟ್ಟಿತು. ಓ'ಕಾನರ್ ಕೆಲಸ ಕಳೆದುಕೊಂಡ.

ಸುಮಾರು ಏಳು ದಶಕಗಳ ನಂತರ ಹಳೆಯ ದಫ್ತರಗಳನ್ನು ಜಾಲಾಡಿದ ಅಂಕಿ-ಅಂಶ ತಜ್ಞ ಪೀಟ್ ಪಾಮರ್, ಕಾಬ್‌ನ ಒಂದು ಪಂದ್ಯ ಎರಡು ಬಾರಿ ದಾಖಲಾಗಿದ್ದನ್ನು ಕಂಡ: ಮೂರು ಸರದಿ, ಎರಡು ಹಿಟ್. ಅದನ್ನು ಕಳೆದರೆ 1910ರ ಪಟ್ಟ ಲಾಜೊಯ್‌ಗೆ ಸಲ್ಲುತ್ತದೆ. ಕಾಬ್‌ನ ಒಟ್ಟು ಹಿಟ್ 4,189 ಆಗುತ್ತದೆ. 1981ರಲ್ಲಿ ಈ ವಿಷಯ ಪ್ರಕಟವಾದಾಗ ಬೇಸ್‌ಬಾಲ್ ಕಮಿಷನರ್ ಬೌವಿ ಕೂನ್ ದಾಖಲೆ ತಿದ್ದಲು ಒಪ್ಪಲಿಲ್ಲ. ಮೋಸದಾಟದಿಂದ ಬಂದ ಹಿಟ್‌ಗಳು ಒಂದು ಕಡೆ, ಕಣ್ತಪ್ಪಿನಿಂದ ಸೇರಿದ ಹಿಟ್‌ಗಳು ಇನ್ನೊಂದು ಕಡೆ ಇರುವಾಗ ನ್ಯಾಯ ಯಾರ ಪರವೆಂದು ಹೇಳುವುದು ಸುಲಭವಲ್ಲ. ಆದರೂ ಕೂಡಿಸುವಲ್ಲಿ ಆದ ತಪ್ಪನ್ನು ಕಾಲ ಕಳೆಯಿತೆಂಬ ಕಾರಣಕ್ಕೆ ಉಳಿಸಿಕೊಳ್ಳುವುದು ವಿಚಿತ್ರವೇ ಸರಿ.

ಕಾಬ್‌ನ ಸಿಟ್ಟು ಆತನ ಆಟದಷ್ಟೇ ಪ್ರಸಿದ್ಧ. 1912ರಲ್ಲಿ ನ್ಯೂಯಾರ್ಕ್‌ನಲ್ಲಿ ಬೈದ ಪ್ರೇಕ್ಷಕನೊಬ್ಬನನ್ನು ಗ್ಯಾಲರಿಗೇ ನುಗ್ಗಿ ಥಳಿಸಿದ. ಆ ವ್ಯಕ್ತಿ ಅಂಗವಿಕಲ. ಅಮಾನತು ಮಾಡಿದಾಗ ಸಹ ಆಟಗಾರರು ಆತನ ಪರವಾಗಿ ಮುಷ್ಕರ ಹೂಡಿದರು. ಬದಲಿಗೆ ಕರೆತಂದ ಹವ್ಯಾಸಿಗಳ ತಂಡ 24-2ರಿಂದ ಸೋತಿತು. 1919ರ ಪಂದ್ಯವೊಂದರಲ್ಲಿ ಫಿಕ್ಸಿಂಗ್ ಮಾಡಿದ್ದನೆಂಬ ಆರೋಪ 1926ರಲ್ಲಿ ಕೇಳಿಬಂತು; ಕಮಿಷನರ್ ಲ್ಯಾಂಡಿಸ್ ಮರುವರ್ಷ ಅದನ್ನು ತಳ್ಳಿಹಾಕಿದ.

ಆಟ ಬಿಟ್ಟ ಮೇಲೆ ಕೋಕಾ-ಕೋಲಾ, ಜನರಲ್ ಮೋಟಾರ್ಸ್ ಷೇರುಗಳು ಆತನನ್ನು ಶ್ರೀಮಂತನನ್ನಾಗಿಸಿದವು. 1950ರಲ್ಲಿ ರಾಯ್ಸ್ಟನ್‌ನಲ್ಲಿ ಹೆತ್ತವರ ಹೆಸರಿನ ಆಸ್ಪತ್ರೆ ತೆರೆಯಿತು. 1953ರಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ನಿಧಿ ಸ್ಥಾಪನೆಯಾಯಿತು. 1961ರ ಜುಲೈ 17ರಂದು ಅಟ್ಲಾಂಟಾದಲ್ಲಿ ಆತ ತೀರಿಕೊಂಡ. ಆತ್ಮಕಥೆಗೆ ನೆರವಾಗಿದ್ದ ಪತ್ರಕರ್ತ ಆಲ್ ಸ್ಟಂಪ್ ನಂತರ ಬರೆದುದರಲ್ಲಿ ಮೂಡಿದ್ದು ಕುಡುಕ, ಕ್ರೂರಿ, ಜನಾಂಗದ್ವೇಷಿ ಕಾಬ್. 1994ರ ಚಲನಚಿತ್ರವೂ ಅದನ್ನೇ ನಂಬಿತು. 2015ರಲ್ಲಿ ಚಾರ್ಲ್ಸ್ ಲೀರ್‌ಸನ್ ಬರೆದ ಜೀವನಚರಿತ್ರೆ ಮೂಲ ದಾಖಲೆಗಳನ್ನು ಕೆದಕಿ, ಸ್ಟಂಪ್ ಹೇಳಿದ್ದರಲ್ಲಿ ಹಲವು ಆಧಾರವಿಲ್ಲದವೆಂದು ತೋರಿಸಿತು. ಕಪ್ಪು ಆಟಗಾರರ ಪ್ರವೇಶವನ್ನು 1952ರಲ್ಲಿ ಕಾಬ್ ಬಹಿರಂಗವಾಗಿ ಬೆಂಬಲಿಸಿದ್ದೂ ನೆನಪಿಗೆ ಬಂತು. ಹಾಗೆಂದು ಆತ ಸಾಧುವೇನಲ್ಲ, ಜಗಳಗಳು ನಿಜ.

2024ರ ಮೇ ತಿಂಗಳಲ್ಲಿ, ವರ್ಣಭೇದದ ಕಾಲದಲ್ಲಿ ಕಪ್ಪು ಆಟಗಾರರು ಆಡುತ್ತಿದ್ದ ನೀಗ್ರೊ ಲೀಗ್‌ಗಳ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದವು. ಜೋಶ್ ಗಿಬ್ಸನ್ .372 ಸರಾಸರಿಯೊಡನೆ ಕಾಬ್‌ನ .367 ಅನ್ನು ಹಿಂದಿಕ್ಕಿದ. 1947ರಲ್ಲೇ ತೀರಿಕೊಂಡ ಗಿಬ್ಸನ್‌ಗೆ ಬದುಕಿದ್ದಾಗ ಆ ಮೈದಾನಗಳ ಬಾಗಿಲೇ ತೆರೆದಿರಲಿಲ್ಲ. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ 1936ರಲ್ಲಿ ನಡೆದ ಮೊದಲ ಆಯ್ಕೆಯಲ್ಲಿ ಬೇಬ್ ರೂತ್‌ಗಿಂತ ಏಳು ಮತ ಹೆಚ್ಚು ಪಡೆದವನು ಕಾಬ್. ಅಲ್ಲಿನ ಕಂಚಿನ ಫಲಕದಲ್ಲಿ ಕೆತ್ತಿರುವ ಸಂಖ್ಯೆ 4191.