ನಾಡಿನ ಮಹನೀಯರು: ಡಾ. ಬಿ.ಜಿ.ಎಲ್. ಸ್ವಾಮಿ

ಪೂರ್ಣ ಹೆಸರು: ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ
ಜನನ: 5 ಫೆಬ್ರವರಿ 1918
ನಿಧನ: 2 ನವೆಂಬರ್ 1980
ತಂದೆ: ಡಾ. ಡಿ.ವಿ. ಗುಂಡಪ್ಪ
ಕ್ಷೇತ್ರ: ಸಸ್ಯವಿಜ್ಞಾನ, ಸಾಹಿತ್ಯ, ಚಿತ್ರರಚನೆ, ಇತಿಹಾಸ ಸಂಶೋಧನೆ
ಪ್ರಮುಖ ಗೌರವ: ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ (1978)

ಪೀಠಿಕೆ

ಗಿಡಮರಗಳ ಕುರಿತು ಕನ್ನಡದಲ್ಲಿ ಬರೆದವರ ಸಾಲಿನಲ್ಲಿ ಡಾ. ಬಿ.ಜಿ.ಎಲ್. ಸ್ವಾಮಿಯವರದು ಅಗ್ರಗಣ್ಯ ಹೆಸರು. ಅಂತರರಾಷ್ಟ್ರೀಯ ಮನ್ನಣೆ ಪಡೆದ ಸಸ್ಯವಿಜ್ಞಾನಿಯಾಗಿದ್ದ ಇವರು, ಪ್ರಯೋಗಶಾಲೆಯ ವಿಷಯವನ್ನು ಸಾಮಾನ್ಯ ಓದುಗರ ಮನೆಯಂಗಳಕ್ಕೆ ತಂದರು. ತಮ್ಮ ಗ್ರಂಥಗಳಿಗೆ ತಾವೇ ರೇಖಾಚಿತ್ರಗಳನ್ನೂ ವಿನೋದಚಿತ್ರಗಳನ್ನೂ ಬರೆದುಕೊಂಡರು. ಕಾಲೇಜು ಜೀವನ, ಆಡಳಿತ, ಭಾಷಾ ರಾಜಕಾರಣ ಮತ್ತು ಇತಿಹಾಸದ ವಾದಗಳನ್ನು ದಿನನಿತ್ಯದ ಅನುಭವದ ಮೂಲಕವೇ ಪರಿಶೀಲಿಸಿದ್ದು ಇವರ ಬರವಣಿಗೆಯ ವೈಶಿಷ್ಟ್ಯ.

ಬಾಲ್ಯ ಮತ್ತು ಶಿಕ್ಷಣ

ಸ್ವಾಮಿಯವರು ಪತ್ರಕರ್ತರೂ ಕವಿಗಳೂ ಆಗಿದ್ದ ಡಿ.ವಿ. ಗುಂಡಪ್ಪನವರ ಪುತ್ರರು. ತಾಯಿ ಭಾಗೀರಥಮ್ಮನವರನ್ನು ಬಾಲ್ಯದಲ್ಲಿಯೇ ಕಳೆದುಕೊಂಡರು. ದಕ್ಷಿಣ ಬೆಂಗಳೂರಿನ ಬಸವನಗುಡಿಯು ಈ ಕುಟುಂಬದ ನೆಲೆಯಾಗಿತ್ತು. ಇಲ್ಲಿನ ಪ್ರಮುಖ ರಸ್ತೆಯೊಂದು ಇಂದು ತಂದೆಯವರ ಹೆಸರನ್ನು ಹೊಂದಿದೆ. 1945ರಲ್ಲಿ ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಇದೇ ಭಾಗದಲ್ಲಿದೆ. ಸಾಹಿತಿಗಳೂ ಸಾರ್ವಜನಿಕ ಕಾರ್ಯಕರ್ತರೂ ಬಂದು ಹೋಗುತ್ತಿದ್ದ ಮನೆಯಲ್ಲಿ ಬೆಳೆದ ಸ್ವಾಮಿಯವರು ಕಾವ್ಯವನ್ನಾಗಲಿ ಪತ್ರಿಕೋದ್ಯಮವನ್ನಾಗಲಿ ವೃತ್ತಿಯಾಗಿ ಆರಿಸಿಕೊಳ್ಳದೆ ಸಸ್ಯಶಾಸ್ತ್ರವನ್ನು ಆರಿಸಿಕೊಂಡರು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡಿ, ಅಲ್ಲಿಯೇ ಅಧ್ಯಾಪನವನ್ನೂ ಸಂಶೋಧನೆಯನ್ನೂ ನಡೆಸಿದರು. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪದವಿ ದೊರೆಯಿತು. ಆರ್ಕಿಡ್ ಸಸ್ಯಗಳ ಭ್ರೂಣವಿಜ್ಞಾನ ಇವರ ಆರಂಭದ ಸಂಶೋಧನಾ ವಿಷಯವಾಗಿತ್ತು.

ಹಾರ್ವರ್ಡ್‌ನಲ್ಲಿ ಸಂಶೋಧನೆ

1940ರ ದಶಕದ ಕೊನೆಯಲ್ಲಿ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಪ್ರಸಿದ್ಧ ಸಸ್ಯಾಂಗರಚನಾ ವಿಜ್ಞಾನಿ ಇರ್ವಿಂಗ್ ಬೈಲಿ ಅವರೊಂದಿಗೆ ಕಾರ್ಯನಿರ್ವಹಿಸಿದರು. ಹೂಬಿಡುವ ಸಸ್ಯಗಳ ಪ್ರಾಚೀನ ಲಕ್ಷಣಗಳನ್ನು ಗುರುತಿಸುವುದು ಈ ಅಧ್ಯಯನದ ಉದ್ದೇಶವಾಗಿತ್ತು. ಬಹುತೇಕ ಹೂಬಿಡುವ ಸಸ್ಯಗಳ ಕಾಂಡದಲ್ಲಿ ನೀರನ್ನು ಸಾಗಿಸುವ ನಾಳಗಳಿರುತ್ತವೆ. ಸಾರ್ಕಾಂಡ್ರ ಎಂಬ ಕುಲದ ಸಸ್ಯಗಳಲ್ಲಿ ಅಂತಹ ನಾಳಗಳು ಕಂಡುಬರುವುದಿಲ್ಲವೆಂದು ಇಬ್ಬರೂ 1950ರಲ್ಲಿ ವರದಿ ಮಾಡಿದರು. ಈ ಕುಲದ ಒಂದು ಪ್ರಭೇದಕ್ಕೆ ಸ್ವಾಮಿಯವರು ತಮ್ಮ ಮಾರ್ಗದರ್ಶಕರ ಗೌರವಾರ್ಥ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ನಾಮಕರಣ ಮಾಡಿದರು. ಅಂಡಕೋಶದ ಪ್ರಾಚೀನ ರೂಪವನ್ನು ಕುರಿತು ಇವರಿಬ್ಬರೂ 1951ರಲ್ಲಿ ಪ್ರಕಟಿಸಿದ ಪ್ರಬಂಧವು ಸಸ್ಯವಿಕಾಸದ ಚರ್ಚೆಯಲ್ಲಿ ಬಹುಕಾಲ ಉಲ್ಲೇಖಗೊಂಡಿತು.

1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿಯು ಸಾರ್ಕಾಂಡ್ರದಲ್ಲಿಯೂ ನಾಳಗಳಿರುವುದನ್ನು ವರದಿ ಮಾಡಿದರು. ಹೊಸ ಸಾಕ್ಷ್ಯ ದೊರೆತಾಗ ಹಳೆಯ ತೀರ್ಮಾನವು ತಿದ್ದುಪಡಿಯಾಗುವುದು ವಿಜ್ಞಾನದ ಕ್ರಮ. ಇತಿಹಾಸಕ್ಕೂ ಇದೇ ಕ್ರಮ ಅನ್ವಯಿಸಬೇಕೆಂಬುದು ಸ್ವಾಮಿಯವರ ನಿಲುವಾಗಿತ್ತು.

ರೇಖೆ ಮತ್ತು ಬರಹ

ಆ ಕಾಲದ ಸಸ್ಯವಿಜ್ಞಾನಿಗೆ ಚಿತ್ರರಚನೆಯು ಅಲಂಕಾರವಾಗಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡ ಜೀವಕೋಶಗಳನ್ನು ಕೈಯಿಂದಲೇ ಬರೆದು ದಾಖಲಿಸಬೇಕಾಗಿತ್ತು. ಬರೆಯುವಾಗ ಕಣ್ಣು ತಪ್ಪಿದರೆ ಸಂಶೋಧನೆಯೇ ತಪ್ಪಾಗುತ್ತಿತ್ತು. ಈ ಶಿಸ್ತನ್ನು ಸ್ವಾಮಿಯವರು ಕನ್ನಡ ಬರವಣಿಗೆಗೂ ತಂದರು. ಎಲೆಯ ಅಂಚು, ಹೂವಿನ ಜೋಡಣೆ, ಕಾಯಿಯ ಆಕಾರ ಇವುಗಳನ್ನು ಗೆರೆಗಳಲ್ಲಿ ತೋರಿಸಿದ ಕೈಯೇ ಸಹೋದ್ಯೋಗಿಗಳ ಠೀವಿಯನ್ನೂ ವಿದ್ಯಾರ್ಥಿಗಳ ತುಂಟತನವನ್ನೂ ವಿನೋದಚಿತ್ರಗಳಾಗಿ ಮೂಡಿಸಿತು.

ಇದಕ್ಕೆ ಶ್ರೇಷ್ಠ ನಿದರ್ಶನ 1976ರಲ್ಲಿ ಪ್ರಕಟವಾದ 'ಹಸಿರು ಹೊನ್ನು'. ವಿದ್ಯಾರ್ಥಿಗಳೊಂದಿಗೆ ಕಾಡುಮೇಡುಗಳಲ್ಲಿ ಕೈಗೊಂಡ ಸಸ್ಯಸಂಗ್ರಹ ಪ್ರವಾಸಗಳ ಕಥನವಿದು. ಗಿಡದ ಗುರುತು, ಹೆಸರಿನ ಮೂಲ, ಬಳಕೆ, ಕಾವ್ಯಗಳಲ್ಲಿ ಅದರ ಉಲ್ಲೇಖ, ದಾರಿಯ ತೊಂದರೆ, ಊಟದ ಪರದಾಟ, ಹುಡುಗರ ಹಾಸ್ಯ ಎಲ್ಲವೂ ಇಲ್ಲಿ ಹೆಣೆದುಕೊಂಡಿವೆ. ಈ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. ತಂದೆಯವರಿಗೂ 1967ರಲ್ಲಿ ಇದೇ ಪ್ರಶಸ್ತಿ ಸಂದಿತ್ತು. ಆದರೆ 1975ರಲ್ಲಿ ನಿಧನರಾದ ಗುಂಡಪ್ಪನವರು ಮಗನ ಈ ಗೌರವವನ್ನು ಕಾಣಲಿಲ್ಲ.

ಮದರಾಸಿನ ವರ್ಷಗಳು

1953ರಲ್ಲಿ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿಯೂ ಮುಂದೆ ಪ್ರಾಂಶುಪಾಲರಾಗಿಯೂ ಸೇವೆ ಸಲ್ಲಿಸಿದರು. 1965ರ ಹಿಂದಿ ವಿರೋಧಿ ಚಳವಳಿ, 1967ರ ಅಧಿಕಾರ ಬದಲಾವಣೆ, 1968ರ ವಿಶ್ವ ತಮಿಳು ಸಮ್ಮೇಳನ, 1969ರಲ್ಲಿ ರಾಜ್ಯದ ಹೆಸರು ತಮಿಳುನಾಡು ಎಂದು ಬದಲಾದದ್ದು, ಇವೆಲ್ಲವೂ ಅವರು ಅಲ್ಲಿದ್ದ ಅವಧಿಯಲ್ಲಿಯೇ ನಡೆದವು. ಅನ್ಯಭಾಷಿಕರಾಗಿ, ಸರ್ಕಾರಿ ಕಾಲೇಜಿನ ಅಧ್ಯಾಪಕರಾಗಿ ಅವರು ಈ ಬೆಳವಣಿಗೆಗಳ ನಡುವೆ ಬದುಕಬೇಕಾಯಿತು.

ಭಾಷಾಭಿಮಾನವು ಇತಿಹಾಸದ ಕಾಲಗಣನೆಯನ್ನು ಹಿಗ್ಗಿಸತೊಡಗಿದಾಗ ಸ್ವಾಮಿಯವರು ಸುಮ್ಮನಿರಲಿಲ್ಲ. ತಮಿಳನ್ನು ಓದಿ, ಪ್ರಾಚೀನ ಗ್ರಂಥಗಳ ಮತ್ತು ಶಾಸನಗಳ ಕಾಲವನ್ನು ಸಾಕ್ಷ್ಯಾಧಾರಗಳ ಮೇಲೆ ಪರಿಶೀಲಿಸಿದರು. ಕಳಭ್ರರ ಕಾಲವನ್ನು ಕುರಿತು ವಿದ್ವತ್ ಲೇಖನವನ್ನು ಬರೆದರು. ಈ ಅನುಭವಗಳೂ ವಾದಗಳೂ 'ತಮಿಳು ತಲೆಗಳ ನಡುವೆ' ಎಂಬ ಕನ್ನಡ ಕೃತಿಯಲ್ಲಿ ವ್ಯಂಗ್ಯದ ಧಾಟಿಯಲ್ಲಿ ಮೂಡಿಬಂದಿವೆ. ಈ ಕೃತಿಯ ಮೊನಚು ಕೆಲವರಿಗೆ ಒಪ್ಪಿಗೆಯಾಗದಿರಬಹುದು. ಆದರೆ ಅದರ ಮೂಲಪ್ರಶ್ನೆ ಒಂದು ಭಾಷೆಗೆ ಸೀಮಿತವಾದುದಲ್ಲ. ತನ್ನ ನುಡಿಯ ಮೇಲಿನ ಪ್ರೀತಿಯು ಸಾಕ್ಷ್ಯದ ಸ್ಥಾನವನ್ನು ಆಕ್ರಮಿಸಬಹುದೇ ಎಂಬ ಆ ಪ್ರಶ್ನೆ ಕನ್ನಡಿಗರಿಗೂ ಸಮನಾಗಿ ಅನ್ವಯಿಸುತ್ತದೆ.

ಕಾಲೇಜುಗಳ ಒಳರಾಜಕೀಯವೂ ಆಡಳಿತದ ವಿಚಿತ್ರಗಳೂ 'ಕಾಲೇಜು ರಂಗ', 'ಕಾಲೇಜು ತರಂಗ', 'ಪ್ರಾಧ್ಯಾಪಕನ ಪೀಠದಲ್ಲಿ' ಮುಂತಾದ ಕೃತಿಗಳಿಗೆ ವಸ್ತುವಾದವು. 'ಕಾಲೇಜು ರಂಗ'ವನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಅವರು 1976ರಲ್ಲಿ ಚಲನಚಿತ್ರ ನಿರ್ದೇಶಿಸಿದರು.

ಗಿಡಮರಗಳಲ್ಲಿ ಇತಿಹಾಸ

ಅರಸರ ಹೆಸರುಗಳಿಗಾಗಿ ಓದಲಾಗುತ್ತಿದ್ದ ಶಾಸನಗಳನ್ನು ಸ್ವಾಮಿಯವರು ಸಸ್ಯಗಳಿಗಾಗಿ ಓದಿದರು. ದತ್ತಿಭೂಮಿಯ ಗಡಿಗಳನ್ನು ಸೂಚಿಸುವಾಗ ಮರಗಳ ಹೆಸರುಗಳು ಶಾಸನಗಳಲ್ಲಿ ಬರುತ್ತವೆ. ತೋಟಗಳ ದಾನವೂ ದಾಖಲಾಗಿದೆ. ಹೀಗೆ ದೊರೆತ ಮಾಹಿತಿಯು 'ಶಾಸನಗಳಲ್ಲಿ ಗಿಡಮರಗಳು' ಎಂಬ ಗ್ರಂಥವಾಯಿತು.

'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಕೃತಿಯು ನಿತ್ಯದ ಅಡುಗೆಯಲ್ಲಿ ಬಳಕೆಯಾಗುವ ಹಲವು ಸಸ್ಯಗಳು ದೂರದ ಖಂಡದಿಂದ ಬಂದವೆಂಬುದನ್ನು ತೋರಿಸುತ್ತದೆ. ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ, ಗೋಡಂಬಿ ಇವು ಯಾವುವೂ ಯುರೋಪಿನ ನಾವಿಕರು ಅಮೆರಿಕವನ್ನು ತಲುಪುವ ಮುನ್ನ ಭಾರತದಲ್ಲಿರಲಿಲ್ಲ. ಅದಕ್ಕೂ ಮೊದಲು ನಮ್ಮ ಅಡುಗೆಗೆ ಖಾರ ನೀಡುತ್ತಿದ್ದುದು ಕರಿಮೆಣಸು. ಹೊಸ ಕಾಯಿಯು ಅದರ ಹೆಸರನ್ನೇ ಪಡೆದು ಮೆಣಸಿನಕಾಯಿ ಆಯಿತು.

ಬಸವನಗುಡಿಯ ದೊಡ್ಡ ಬಸವಣ್ಣನ ದೇವಾಲಯದ ಬಳಿ ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯನ್ನು ಈ ದೃಷ್ಟಿಯಿಂದ ನೋಡಬಹುದು. ಕಡಲೆಕಾಯಿಯ ಮೂಲವೂ ದಕ್ಷಿಣ ಅಮೆರಿಕವೇ. ಹೊರಗಿನಿಂದ ಬಂದ ಬೆಳೆಯೊಂದು ರೈತನ ಮೊದಲ ಫಲವಾಗಿ ದೇವರಿಗೆ ಅರ್ಪಿತವಾಗುವಷ್ಟು ನಮ್ಮದಾಗಿರುವುದು ಪರಿಷೆಯ ಮಹತ್ವವನ್ನು ಕುಗ್ಗಿಸುವುದಿಲ್ಲ.

ಕೊನೆಯ ವರ್ಷಗಳು

ಮದರಾಸಿನ ಸೇವೆಯ ನಂತರ ಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. 'ಮೈಸೂರು ಡೈರಿ' ಆ ಅವಧಿಯ ಬರಹ. 1980ರ ನವೆಂಬರ್ 2ರಂದು ತಮ್ಮ 62ನೆಯ ವಯಸ್ಸಿನಲ್ಲಿ ನಿಧನರಾದರು. ಇಂಗ್ಲಿಷಿನ ಸಂಶೋಧನ ಪತ್ರಿಕೆಗಳಲ್ಲಿ ಹೆಸರು ಗಳಿಸಿದ್ದ ವಿಜ್ಞಾನಿಯೊಬ್ಬರು, ಪರಿಭಾಷೆಯ ಕೊರತೆಯನ್ನು ನೆಪವಾಗಿಸದೆ, ಆಡುಮಾತಿನ ಕನ್ನಡದಲ್ಲಿಯೇ ವಿಜ್ಞಾನವನ್ನು ಹೇಳಬಹುದೆಂದು ಸಾಧಿಸಿ ತೋರಿಸಿದ್ದು ಅವರು ಬಿಟ್ಟುಹೋದ ಆಸ್ತಿ.

ನಾಗರಿಕರ ಗಮನಕ್ಕೆ

ಬಡಾವಣೆಯ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವಕ್ಕಾಗಿ ಅರ್ಜಿ ಸಲ್ಲಿಸುವವರು ಸ್ವಾಮಿಯವರ ಕೃತಿಗಳ ಲಭ್ಯತೆಯನ್ನು ಶಾಖೆಯ ಗ್ರಂಥಪಾಲಕರಲ್ಲಿ ವಿಚಾರಿಸಬಹುದು. ಕೃತಿಗಳನ್ನು ಲೇಖಕರ ಹೆಸರಿನಲ್ಲಿ ಕೇಳುವುದು ಅನುಕೂಲ. ಇವರ ಗ್ರಂಥಗಳಲ್ಲಿ ಕೆಲವು ವಿಜ್ಞಾನಕ್ಕೂ ಕೆಲವು ಸಾಹಿತ್ಯಕ್ಕೂ ಮತ್ತೆ ಕೆಲವು ಇತಿಹಾಸಕ್ಕೂ ಸೇರುವುದರಿಂದ, ಅವು ಬೇರೆ ಬೇರೆ ವಿಭಾಗಗಳಲ್ಲಿ ಇರುವ ಸಾಧ್ಯತೆ ಇದೆ. ಮೊದಲ ಬಾರಿಗೆ ಓದುವವರು 'ಹಸಿರು ಹೊನ್ನು' ಕೃತಿಯಿಂದ ಆರಂಭಿಸಬಹುದು.