ಭದ್ರತಾ ಮಂಡಳಿಯ ಪೀಠದಲ್ಲಿ ಮಂಗಳೂರಿನ ಬಿ.ಎನ್. ರಾವ್

ಹಾವೇರಿ: ಪ್ರತಿ ವರ್ಷ ನವೆಂಬರ್ 26ರಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಶಾಲೆ, ಕಚೇರಿಗಳಲ್ಲಿ ಸಂವಿಧಾನ ದಿನದ ಆಚರಣೆ ನಡೆಯುತ್ತದೆ. ಅಂದು ಡಾ. ಬಿ.ಆರ್. ಅಂಬೇಡ್ಕರ್ ಅವರ ಸ್ಮರಣೆ ಸಹಜ. ಆದರೆ ಅವರ ನೇತೃತ್ವದ ಸಮಿತಿಯ ಮುಂದೆ ಮೊದಲ ಕರಡನ್ನು ಇಟ್ಟ ಕರಾವಳಿಯ ಕಾನೂನು ಪಂಡಿತ, ಮುಂದೆ ವಿಶ್ವಸಂಸ್ಥೆಯಲ್ಲಿ ಭಾರತದ ದನಿಯಾದ ಸರ್ ಬೆನೆಗಲ್ ನರಸಿಂಗ ರಾವ್ ಅವರ ಹೆಸರು ಅಪರೂಪಕ್ಕೊಮ್ಮೆ ಮಾತ್ರ ಕೇಳಿಬರುತ್ತದೆ.

1887ರ ಫೆಬ್ರುವರಿ 26ರಂದು ಮಂಗಳೂರಿನ ವೈದ್ಯರ ಮನೆಯಲ್ಲಿ ರಾವ್ ಜನಿಸಿದರು. ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಬಿ. ರಾಮರಾವ್ ಹಾಗೂ ಪತ್ರಕರ್ತ ಬಿ. ಶಿವರಾವ್ ಇವರ ಸಹೋದರರು. ಮಂಗಳೂರಿನ ಕೆನರಾ ಹೈಸ್ಕೂಲ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಬಳಿಕ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದರು. ಐಸಿಎಸ್ ಉತ್ತೀರ್ಣರಾಗಿ ಬಂಗಾಳ, ಅಸ್ಸಾಂಗಳಲ್ಲಿ ಸೇವೆ ಸಲ್ಲಿಸಿ, ಕಲ್ಕತ್ತಾ ಹೈಕೋರ್ಟ್ ನ್ಯಾಯಮೂರ್ತಿಯೂ ಆದರು.

1946ರಲ್ಲಿ ಸಂವಿಧಾನ ರಚನಾ ಸಭೆಯ ಸಲಹೆಗಾರರಾದ ಅವರು 243 ವಿಧಿ, 13 ಅನುಸೂಚಿಗಳ ಕರಡನ್ನು 1947ರ ಅಕ್ಟೋಬರ್‌ನಲ್ಲಿ ಸಿದ್ಧಪಡಿಸಿದರು. ಈ ಕೆಲಸವನ್ನು ಅವರು ಮಾಡಿದ್ದು ಗೌರವ ಸೇವೆಯಾಗಿ. ತಮಗೆ ಸಲ್ಲುವ ಕೀರ್ತಿಯಲ್ಲಿ ಒಂದು ಪಾಲು ರಾವ್ ಅವರದೆಂದು ಸ್ವತಃ ಅಂಬೇಡ್ಕರ್ ಸಭೆಯಲ್ಲಿ ಹೇಳಿದ್ದರು.

ನಿಜವಾದ ಅಗ್ನಿಪರೀಕ್ಷೆ ಎದುರಾದದ್ದು ನ್ಯೂಯಾರ್ಕ್‌ನಲ್ಲಿ. ಸರದಿಯಂತೆ ತಿಂಗಳಿಗೊಮ್ಮೆ ಬದಲಾಗುವ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನ 1950ರ ಜೂನ್‌ನಲ್ಲಿ ಭಾರತಕ್ಕೆ ಬಂದಿತ್ತು. ಚೀನಾದ ಸ್ಥಾನವನ್ನು ಬೀಜಿಂಗ್ ಸರ್ಕಾರಕ್ಕೆ ನೀಡಬೇಕೆಂದು ಪಟ್ಟುಹಿಡಿದು ಸೋವಿಯತ್ ಒಕ್ಕೂಟ ಸಭೆಗಳನ್ನು ಬಹಿಷ್ಕರಿಸಿತ್ತು. ಜೂನ್ 25ರಂದು ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ಅಂದೇ ಸೇರಿದ ಸಭೆಯಲ್ಲಿ, ಕದನ ನಿಲ್ಲಿಸುವಂತೆ ಕೋರಿದ ನಿರ್ಣಯಕ್ಕೆ ಭಾರತ ಮತ ನೀಡಿತು. ಎರಡು ದಿನಗಳ ಬಳಿಕ ದಕ್ಷಿಣ ಕೊರಿಯಾಕ್ಕೆ ನೆರವು ನೀಡಲು ಸದಸ್ಯ ರಾಷ್ಟ್ರಗಳನ್ನು ಕೋರುವ ನಿರ್ಣಯ ಮುಂದೆ ಬಂದಾಗ ದೆಹಲಿಯ ಸೂಚನೆ ತಲುಪಿರಲಿಲ್ಲ. ಪೀಠದಲ್ಲಿದ್ದೂ ರಾವ್ ಮತದಾನದಲ್ಲಿ ಪಾಲ್ಗೊಳ್ಳಲಿಲ್ಲ. ನಂತರ ಭಾರತ ನಿರ್ಣಯವನ್ನು ಒಪ್ಪಿತಾದರೂ ಕಳುಹಿಸಿದ್ದು ಕಾದಾಡುವ ಪಡೆಯನ್ನಲ್ಲ, ವೈದ್ಯಕೀಯ ತುಕಡಿಯನ್ನು.

ಬೀಜಿಂಗ್ ಸರ್ಕಾರಕ್ಕೆ ವಿಶ್ವಸಂಸ್ಥೆಯಲ್ಲಿ ಸ್ಥಾನ ಸಿಗಬೇಕೆಂಬ ಭಾರತದ ವಾದವನ್ನೂ ರಾವ್ ಮಂಡಿಸಿದರು. ಸಾಮಾನ್ಯ ಸಭೆ ಅದನ್ನು ತಳ್ಳಿಹಾಕಿತು. ಚೀನಾದ ಸೇನೆ ಯುದ್ಧಕ್ಕಿಳಿದ ಬಳಿಕ, 1950ರ ಡಿಸೆಂಬರ್‌ನಲ್ಲಿ ಕದನವಿರಾಮಕ್ಕಾಗಿ ನೇಮಕಗೊಂಡ ಮೂವರ ತಂಡದಲ್ಲಿ ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್ ಅವರೊಂದಿಗೆ ರಾವ್ ಇದ್ದರು. ಬೀಜಿಂಗ್ ಒಪ್ಪದೆ ಆ ಯತ್ನ ಕೈಗೂಡಲಿಲ್ಲ.

1952ರಲ್ಲಿ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಕೊರಿಯಾದಲ್ಲಿ ಬಂದೂಕುಗಳು ಮೌನವಾದದ್ದು 1953ರ ಜುಲೈ 27ರಂದು. ಅದನ್ನು ಕಂಡ ನಾಲ್ಕು ತಿಂಗಳಿಗೆ, ನವೆಂಬರ್ 30ರಂದು, ಜೂರಿಕ್‌ನಲ್ಲಿ ರಾವ್ ಕೊನೆಯುಸಿರೆಳೆದರು. ಸಂವಿಧಾನ ದಿನ ಕಳೆದ ನಾಲ್ಕನೇ ದಿನವೇ ಅವರ ಪುಣ್ಯತಿಥಿ.